ಹೂದಾನಿಯ ಬುಡ

ಚೀನಾ ದೇಶ ನಮ್ಮ ಕಡೆಯ ಅಡುಗೆಮನೆಗಳ ಮಾತಿನೊಳಗೆ ಸೇರಿಕೊಂಡು ಎಷ್ಟೋ ಕಾಲವಾಯಿತು. ಉಪ್ಪಿನಕಾಯಿ ಹಾಕುವ ಬಿಳಿ-ಕಂದು ಬರಣಿಗೆ ನಾವು ಚೀನಿ ಬರಣಿ ಎನ್ನುತ್ತೇವೆ, ಅದು ನಮ್ಮ ದೇಶದ್ದೇ ಭಟ್ಟಿಯಲ್ಲಿ ಬೆಂದು ಬಂದದ್ದಾದರೂ ಸರಿ. ಉರ್ದು ಮಾತಿನ ನೆರೆಮನೆಯವರಿಗೆ ಸಕ್ಕರೆಯೂ ಚೀನಿಯೇ. ಅದೇ ಬರಣಿಗೆ ಅವರು ಮರ್ತಬಾನ್ ಎನ್ನುತ್ತಾರೆ. ಅದು ಬರ್ಮಾ ದೇಶದ ಒಂದು ಹಳೆಯ ಬಂದರಿನ ಹೆಸರು. ಮೆರುಗು ಹಚ್ಚಿದ ಆಳೆತ್ತರದ ಜಾಡಿಗಳು ಅಲ್ಲಿಂದ ಹಡಗು ಹತ್ತಿ ಊರೂರಿಗೆ ಹೋಗುತ್ತಿದ್ದವು, ಬಂದರಿನ ಹೆಸರೂ ಅವುಗಳ ಜೊತೆಗೆ ಹೋಯಿತು. ಪಿಂಗಾಣಿ ಎಂಬ ನಮ್ಮ ಮಾತೂ ಪಾರ್ಸಿಯಿಂದ ಬಂದದ್ದು, ಅಲ್ಲಿ ಅದಕ್ಕೆ ಬಟ್ಟಲು ಎಂದು ಅರ್ಥ.

ನನ್ನ ಅಜ್ಜಿ ಮಡಿಯವಳು. ಪಿಂಗಾಣಿ ಕಪ್ಪು-ಬಸಿಗಳನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಎಷ್ಟು ಬೆಳ್ಳಗಿದ್ದರೂ ಅದು ಮಣ್ಣೇ ತಾನೆ, ಒಮ್ಮೆ ಎಂಜಲಾದರೆ ಮುಗಿಯಿತು ಎಂಬುದು ಅವಳ ವಾದ. ಉಪ್ಪಿನಕಾಯಿ ಬರಣಿಗೆ ಮಾತ್ರ ಈ ಕಾನೂನು ತಾಗುತ್ತಿರಲಿಲ್ಲ. ಹುಳಿ-ಉಪ್ಪು ತಾಮ್ರ ಹಿತ್ತಾಳೆಗೆ ಬಿದ್ದರೆ ಕಿಲುಬು ಏಳುತ್ತದೆಂದು ಅವಳಿಗೆ ಗೊತ್ತಿತ್ತು. ಶಾಸ್ತ್ರ ಎಲ್ಲಿ ಸಡಿಲಾಗಬೇಕೆಂಬುದನ್ನು ಹೆಂಗಸರು ಯಾರನ್ನೂ ಕೇಳದೆ ಅಡುಗೆಮನೆಯಲ್ಲೇ ತೀರ್ಮಾನಿಸಿಕೊಂಡಿರುತ್ತಾರೆ.

ಸಿಂಧನೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುತ್ತ ಬಹಳ ವರ್ಷ ಕಳೆದವಳು ನಾನು. ಇತಿಹಾಸ ಕಲಿಸುವವರೆಂದರೆ ಊರಿನವರ ಲೆಕ್ಕದಲ್ಲಿ ಹಳೆಯ ಸಾಮಾನುಗಳ ಡಾಕ್ಟರು. ಹೊಲದಲ್ಲಿ ಸಿಕ್ಕ ತಾಮ್ರದ ದುಡ್ಡು, ತಾತನ ಕತ್ತಿ, ಅತ್ತೆಯ ಪೆಟ್ಟಿಗೆಯ ತಳದಲ್ಲಿದ್ದ ಮಣಿಸರ ಇವೆಲ್ಲ ನನ್ನ ಮನೆಯ ಪಡಸಾಲೆಗೆ ಬಂದು ಹೋಗಿವೆ. ಬಂದವರ ಪ್ರಶ್ನೆ ಒಂದೇ: "ಇದು ಖರೇನೋ ಖೊಟ್ಟಿಯೋ ನೋಡ್ರಿ."

2011ರ ಬೇಸಿಗೆಯಲ್ಲಿ ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ. ತವರು ಸಿಂಧನೂರಿನ ಪಕ್ಕದ ಹಳ್ಳಿ, ಕೊಟ್ಟದ್ದು ಲಿಂಗಸುಗೂರಿಗೆ. ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಗಂಟು ಬಿಚ್ಚಿದಳು. ಒಳಗಿದ್ದದ್ದು ಮೊಳ ಎತ್ತರದ ಒಂದು ಚೀನಿ ಹೂದಾನಿ ಮತ್ತು ಒಂದು ದಪ್ಪನೆಯ ಹಸಿರು ಕಲ್ಲಿನ ಬಳೆ.

"ಮೇಡಂ, ಅಪ್ಪಾರು ಹೋದ ಮ್ಯಾಲ ಅಣ್ಣಗಳು ಪಾಲು ಮಾಡ್ಯಾರ್ರಿ. ನಾಲಿ ನೀರಿನ ಹೊಲ ಅವರಿಬ್ಬರಿಗೆ, ಇವೆರಡು ನನಗ. ಹತ್ತು ಲಕ್ಷ ಬಾಳ್ತಾವಂತ. ಬರದು ಕೊಟ್ಟ ಕಾಗದನೂ ಐತ್ರಿ."

ಕಾಗದ ಒಂದು ದೊಡ್ಡ ಊರಿನ ಹಳೆ ಸಾಮಾನಿನ ವ್ಯಾಪಾರಿಯದು. ಹೂದಾನಿ ಮಿಂಗ್ ಅರಸರ ಕಾಲದ್ದು, ಬಳೆ ಚೀನಾದ ಪುರಾತನ ಜೇಡ್, ಎರಡೂ ಸೇರಿ ಹತ್ತು ಲಕ್ಷಕ್ಕೆ ಕಡಿಮೆಯಿಲ್ಲ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿ ಸಿಕ್ಕಾ ಹೊಡೆದಿತ್ತು. ಅವಳ ಅಜ್ಜ ನಿಜಾಮರ ಕಾಲದಲ್ಲಿ ಹೈದರಾಬಾದಿನಲ್ಲಿ ನೌಕರಿ ಮಾಡಿದವರು. ಯಾವುದೋ ನವಾಬರು ಮೆಚ್ಚಿ ಕೊಟ್ಟ ಇನಾಮು ಎಂದು ಮನೆಯಲ್ಲಿ ಹೇಳುತ್ತ ಬಂದಿದ್ದರಂತೆ. ಇಂಥ ಕತೆಯನ್ನು ತಕ್ಷಣ ತಳ್ಳಿಹಾಕುವಂತಿಲ್ಲ. 1948ರವರೆಗೆ ರಾಯಚೂರು ಜಿಲ್ಲೆ ನಿಜಾಮರ ಸೀಮೆ, ಲೆಕ್ಕ-ಪತ್ರ ಬಲ್ಲವರು ಹೊಟ್ಟೆಪಾಡಿಗೆ ಹೋಗುತ್ತಿದ್ದದ್ದು ಹೈದರಾಬಾದಿಗೇ.

ಚೀನಾದ ಪಾತ್ರೆ ನಮ್ಮ ಸೀಮೆಗೆ ಬರುವುದು ಸಾಧ್ಯವೇ ಎಂದು ಯಾರಾದರೂ ಕೇಳಿದರೆ, ಧಾರಾಳವಾಗಿ ಬಂದಿದೆ. 1340ರ ದಶಕದಲ್ಲಿ ಇಬ್ನ್ ಬತೂತಾ ಕಲ್ಲಿಕೋಟೆಯಲ್ಲಿ ಚೀನಾದ ಹಡಗುಗಳನ್ನು ಕಣ್ಣಾರೆ ಕಂಡ. 1405ರಿಂದ 1433ರವರೆಗೆ ಝೆಂಗ್ ಹೆ ಎಂಬ ಚೀನೀ ನೌಕಾಧಿಪತಿ ದೊಡ್ಡ ಹಡಗುಪಡೆ ಕಟ್ಟಿಕೊಂಡು ಮತ್ತೆ ಮತ್ತೆ ಬಂದ. ಕರಾವಳಿಯಲ್ಲಿ ಇಳಿದ ಮಾಲು ಘಟ್ಟ ಹತ್ತಿ ವಿಜಯನಗರಕ್ಕೆ ಬರುತ್ತಿತ್ತು. ತುಂಗಭದ್ರೆಯ ಆಚೆ ದಂಡೆಯ ಹಂಪಿಯಲ್ಲಿ ಅಗೆದಾಗ ಚೀನಾ ಪಿಂಗಾಣಿಯ ಚೂರುಗಳು ಸಿಕ್ಕಿವೆ, ಬಿಳಿಯ ಮೇಲೆ ನೀಲಿ ಬಳ್ಳಿ ಬರೆದವು. ಬಿಜಾಪುರದ ಆದಿಲಶಾಹಿಗಳಿಗೂ ಅದರ ಹುಚ್ಚು. ಹೆಂಗಸರಿಗೆ ಒಳಗೆ ಪ್ರವೇಶವಿಲ್ಲವೆಂದು ನಾವು ಕೇಳುತ್ತ ಬಂದ ಆಸಾರ್ ಮಹಲಿನಲ್ಲಿ ರತ್ನಗಂಬಳಿಗಳ ಜೊತೆ ಚೀನಾದ ಪಾತ್ರೆಗಳೂ ಇದ್ದವು. ಈಗ ಗೋಲಗುಂಬಜದ ಮುಂದಿನ ನಗಾರಖಾನೆಯ ಮ್ಯೂಸಿಯಮ್ಮಿನಲ್ಲಿ ಅಂಥವನ್ನು ಹೆಂಗಸರೂ ನೋಡಬಹುದು, ಟಿಕೇಟು ಕೊಂಡರೆ ಸಾಕು.

ಸುಲ್ತಾನರಿಗೆ ಹೆಚ್ಚು ಬೇಕಾಗಿದ್ದದ್ದು ನೀಲಿಯದ್ದಲ್ಲ, ಎಳೆಯ ಬೇವಿನೆಲೆಯ ಬಣ್ಣದ ತಟ್ಟೆಗಳು. ಅವಕ್ಕೆ ಘೋರಿ ಎಂದು ಹೆಸರು. ವಿಷ ಬೆರೆಸಿದ ಅನ್ನ ಬಡಿಸಿದರೆ ಆ ತಟ್ಟೆ ಬಣ್ಣ ಬಿಡುತ್ತದೆ, ಇಲ್ಲವೆ ಸೀಳುತ್ತದೆ ಎಂದು ಅವರು ನಂಬಿದ್ದರು. ಯಾವ ತಟ್ಟೆಯೂ ಹಾಗೆ ಮಾಡುವುದಿಲ್ಲ. ಆದರೆ ಅಣ್ಣ-ತಮ್ಮಂದಿರ ಊಟಕ್ಕೇ ಹೆದರಬೇಕಾದ ಮನೆಗಳಲ್ಲಿ ಅಂಥ ನಂಬಿಕೆಗೆ ಬೆಲೆ ಬರದೆ ಇದ್ದೀತೆ?

ಹಾಗಾಗಿ ಬಂದಿರುವುದು ಸಾಧ್ಯ. ಆದರೆ ಬಂದಿರಬಹುದು ಎಂಬುದಕ್ಕೂ ಇದೇ ಬಂದದ್ದು ಎಂಬುದಕ್ಕೂ ನಡುವೆ ಬಹಳ ದಾರಿಯಿದೆ. ವ್ಯಾಪಾರಿಗಳು ಆ ದಾರಿಯನ್ನು ಒಂದೇ ಮಾತಿನಲ್ಲಿ ದಾಟಿಸಿಬಿಡುತ್ತಾರೆ.

ಲಿಂಗಸುಗೂರಿನವರಿಗೆ ಚಿನ್ನದ ಮಾತು ಹೊಸದಲ್ಲ, ಹಟ್ಟಿಯ ಗಣಿ ಅವರ ತಾಲ್ಲೂಕಿನಲ್ಲೇ ಇದೆ. ಚಿನ್ನಕ್ಕೆ ಒರೆಗಲ್ಲಿದೆ. ಪತ್ತಾರ ಒಂದು ಗೆರೆ ಎಳೆದು ಹೇಳಿಬಿಡುತ್ತಾನೆ. ಪಿಂಗಾಣಿಗೆ ಅಂಥ ಕಲ್ಲಿಲ್ಲ. ಒಂದೊಂದೇ ಸಾಕ್ಷಿಯನ್ನು ಕರೆದು ಕೇಳುತ್ತ ಹೋಗಬೇಕು. ಎಲ್ಲ ಸಾಕ್ಷಿಗಳೂ ಒಂದೇ ಮಾತು ಹೇಳಿದರೆ ನಂಬಬೇಕು, ಒಂದು ಅಡ್ಡ ಮಾತಾಡಿದರೂ ನಿಲ್ಲಬೇಕು.

ಮೊದಲ ಸಾಕ್ಷಿ ಬುಡ. ಹೆಣ್ಣು ನೋಡಲು ಬಂದವರ ಹಾಗೆ ಮುಖ ನೋಡಿ ಮೆಚ್ಚಿ ಕೂರಬಾರದು. ಪಿಂಗಾಣಿಯ ಮೈಗೆಲ್ಲ ಮೆರುಗಿನ ಗಾಜು ಹಚ್ಚಿರುತ್ತಾರೆ. ಆದರೆ ಪಾತ್ರೆ ಕೂರುವ ಬುಡದ ಉಂಗುರದಿಂದ ಅದನ್ನು ಒರೆಸಿ ತೆಗೆಯುತ್ತಾರೆ, ಇಲ್ಲವಾದರೆ ಭಟ್ಟಿಯಲ್ಲಿ ಪಾತ್ರೆ ಕೆಳಗಿನ ಹಲಗೆಗೆ ಅಂಟಿಕೊಳ್ಳುತ್ತದೆ. ಆ ಉಂಗುರದಲ್ಲಿ ಮಾತ್ರ ಒಳಗಿನ ಮಣ್ಣು ಬೆತ್ತಲಾಗಿ ಕಾಣುತ್ತದೆ. ಜಿಂಗ್‌ದೆಝೆನ್ ಊರಿನ ಕುಂಬಾರರು ಬಿಳಿಯ ಜೇಡಿಮಣ್ಣಿಗೆ ಒಂದು ಬಗೆಯ ಕಲ್ಲಿನ ಪುಡಿ ಬೆರೆಸಿ, ಸುಮಾರು 1300 ಡಿಗ್ರಿ ಕಾವಿನಲ್ಲಿ ಸುಡುತ್ತಿದ್ದರು. ಹಾಗೆ ಬೆಂದ ಮಣ್ಣು ನುಣುಪಾಗಿ, ಗಟ್ಟಿಯಾಗಿ ಇರುತ್ತದೆ, ತೆಳುವಾದ ಕಡೆ ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುತ್ತದೆ. ನಾಲ್ಕು ನೂರು ವರ್ಷ ಹಲಗೆಯ ಮೇಲೆ ಕೂತೆದ್ದ ಉಂಗುರ ಸವೆದಿರುತ್ತದೆ, ಆದರೆ ಒಂದೇ ಸಮನೆ ಅಲ್ಲ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ, ನಮ್ಮ ಹಳೆಯ ಚಪ್ಪಲಿಯ ಹಿಮ್ಮಡಿಯ ಹಾಗೆ. ಮೋಸಗಾರರು ಮರಳು ಕಾಗದದಿಂದ ತಿಕ್ಕಿ ಸವೆಸುತ್ತಾರೆ. ಭೂತಗನ್ನಡಿ ಹಿಡಿದರೆ ಗೀರುಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ಕಾಣುತ್ತವೆ. ಚಹದ ಡಿಕಾಕ್ಷನ್ನಿನಲ್ಲಿ, ಬಾವಿಗೆ ಹಾಕುವ ಪರ್ಮಾಂಗನೇಟಿನಲ್ಲಿ ಅದ್ದಿ ಕಂದು ಬರಿಸುವುದೂ ಉಂಟು. ಸೀರೆಗೆ ಬಿದ್ದ ಚಹದ ಕಲೆ ಗುರುತಿಸಬಲ್ಲವರಿಗೆ ಇದೇನು ಕಷ್ಟದ್ದಲ್ಲ.

ಎರಡನೆಯ ಸಾಕ್ಷಿ ಬರವಣಿಗೆ. ಕುಂಚದಿಂದ ಎಳೆದ ನೀಲಿಗೆರೆ ಒಂದು ಕಡೆ ದಟ್ಟ, ಒಂದು ಕಡೆ ತೆಳು. ರಂಗೋಲಿ ಎಳೆ ಎಳೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಕೈ ಎಲ್ಲಿ ನಿಂತಿತು, ಎಲ್ಲಿ ಓಡಿತು ಎಂದು ನಾವು ನೋಡಿಯೇ ಹೇಳುತ್ತೇವೆ. ಅಚ್ಚಿನ ಕಾಗದದಿಂದ ಇಳಿಸಿದ ಚಿತ್ರಕ್ಕೆ ಈ ಏರಿಳಿತವಿಲ್ಲ. ಸುತ್ತಿ ಬಂದ ಬಳ್ಳಿ ಒಂದು ಕಡೆ ಸರಿಯಾಗಿ ಕೂಡದೆ ಜೋಡಣೆ ಕಾಣುತ್ತದೆ. ನಮ್ಮ ಹಿರಿಯರ ಮನೆಗಳಲ್ಲಿ ಚೀನಿ ತಟ್ಟೆ ಎಂದು ಜೋಪಾನ ಮಾಡಿಟ್ಟವುಗಳಲ್ಲಿ ಇಂಗ್ಲೆಂಡಿನ ಇಂಥ ಅಚ್ಚಿನ ತಟ್ಟೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅದರಲ್ಲೂ ಸೇತುವೆ, ಮರ, ಎರಡು ಹಕ್ಕಿಯ ನೀಲಿ ಚಿತ್ರವಿರುವವು. ಆ ಚಿತ್ರವನ್ನು ಚೀನಾದವರಲ್ಲ, ಆಂಗ್ಲರು ಕಟ್ಟಿದ್ದು. ಪಿಂಗಾಣಿಯ ಗುಟ್ಟಿಗಾಗಿ ಯುರೋಪು ತಲೆ ಕೆಡಿಸಿಕೊಂಡದ್ದು ಎಷ್ಟೆಂದರೆ, ಚಿನ್ನ ಮಾಡುತ್ತೇನೆಂದು ಹೊರಟಿದ್ದ ಬಟ್ಗರ್ ಎಂಬ ರಸವಾದಿಯನ್ನು ಸ್ಯಾಕ್ಸನಿಯ ದೊರೆ ಕೂಡಿಹಾಕಿ ಆ ಕೆಲಸಕ್ಕೆ ಹಚ್ಚಿದ. 1710ರಲ್ಲಿ ಮೈಸನ್ ಊರಿನಲ್ಲಿ ಕಾರ್ಖಾನೆಯೇ ನಿಂತಿತು.

ಮೂರನೆಯದು ಮುದ್ರೆ. ವ್ಯಾಪಾರಿಗಳು ಇದನ್ನೇ ಮೊದಲು ತೋರಿಸುತ್ತಾರೆ, ನಾವು ಕೊನೆಗೆ ನೋಡಬೇಕಾದದ್ದೂ ಇದನ್ನೇ. ನನ್ನ ಶಿಷ್ಯೆಯ ಹೂದಾನಿಯ ಬುಡದಲ್ಲಿ ಆರು ಚೀನೀ ಅಕ್ಷರಗಳಿದ್ದವು. ಪುಸ್ತಕ ಹಿಡಿದು ಕೂಡಿಸಿ ನೋಡಿದರೆ, ಮಹಾ ಮಿಂಗ್ ವಂಶದ ಷ್ವಾನ್‌ದ ದೊರೆಯ ಕಾಲದಲ್ಲಿ ಮಾಡಿದ್ದು ಎಂದಾಗುತ್ತದೆ. ಆ ದೊರೆಯ ಕಾಲ 1426ರಿಂದ 1435. ವ್ಯಾಪಾರಿಯ ಕಾಗದದಲ್ಲಿದ್ದದ್ದೂ ಇಷ್ಟೇ ಆಧಾರ. ಆದರೆ ಈ ಆರು ಅಕ್ಷರಗಳನ್ನು ಆಮೇಲಿನ ಐದು ನೂರು ವರ್ಷವೂ ಚೀನಾದ ಕುಂಬಾರರು ಬರೆಯುತ್ತಲೇ ಬಂದಿದ್ದಾರೆ. ಎಲ್ಲವೂ ಮೋಸಕ್ಕಲ್ಲ. 1677ರಲ್ಲಿ ಜಿಂಗ್‌ದೆಝೆನ್ನಿನ ಅಧಿಕಾರಿಯೊಬ್ಬ, ಒಡೆದು ತಿಪ್ಪೆ ಸೇರುವ ಪಾತ್ರೆಯ ಮೇಲೆ ಆಳುವ ದೊರೆಯ ಹೆಸರು ಬರೆಯಕೂಡದು ಎಂದು ಆಜ್ಞೆ ಮಾಡಿದ. ಕುಂಬಾರರು ಹಳೆಯ ದೊರೆಗಳ ಹೆಸರು ಬರೆದರು. ಹಿರಿಯರ ಮೇಲಿನ ಗೌರವಕ್ಕೂ ಬರೆದರು. ಮೊಮ್ಮಗನಿಗೆ ಅಜ್ಜನ ಹೆಸರಿಟ್ಟರೆ ಅದನ್ನು ಖೊಟ್ಟಿ ಎನ್ನಲಾಗುತ್ತದೆಯೆ? ಆದರೆ ಮೊಮ್ಮಗನನ್ನೇ ಅಜ್ಜ ಎಂದು ಮಾರಿದರೆ ಅದು ಖೊಟ್ಟಿ.

ಭೂತಗನ್ನಡಿ ಹಿಡಿದು ಇನ್ನಷ್ಟು ಬಗ್ಗಿದಾಗ ಆ ಅಕ್ಷರಗಳ ಕೆಳಗೆ ಮೆರುಗು ಮಂಕಾದ ಒಂದು ಪಟ್ಟಿ ಕಂಡಿತು. ಯಾರೋ ಏನನ್ನೋ ತಿಕ್ಕಿ ಅಳಿಸಿದ್ದರು. ಓರೆಯಾಗಿ ಬಿಸಿಲಿಗೆ ಹಿಡಿದರೆ ಕೆಂಪು ಬಣ್ಣದ ಮೂರು ಇಂಗ್ಲಿಷ್ ಅಕ್ಷರಗಳ ನೆರಳು, ಚೈನಾ ಎಂಬ ಹೆಸರಿನ ಕೊನೆಯ ಮೂರು. ಅಮೆರಿಕದವರು 1890ರಲ್ಲಿ ಒಂದು ಸುಂಕದ ಕಾನೂನು ಮಾಡಿ, ಹೊರಗಿನಿಂದ ಬರುವ ಮಾಲಿನ ಮೇಲೆ ಅದು ಯಾವ ದೇಶದ್ದೆಂದು ಇಂಗ್ಲಿಷಿನಲ್ಲಿ ಬರೆದಿರಬೇಕೆಂದರು. ಮರುವರ್ಷದಿಂದ ಚೀನಾದ ಮಾಲಿನ ಬುಡಕ್ಕೆ ಆ ಹೆಸರು ಬಂತು, ಅದೇ ಮಾಲು ಬೇರೆ ದೇಶಗಳಿಗೂ ಹೋಯಿತು. ಹಾಗಾಗಿ ಆ ಹೂದಾನಿ 1891ಕ್ಕಿಂತ ಹಿಂದಿನದಲ್ಲ. ಹೈದರಾಬಾದಿನ ಅಂಗಡಿಯಲ್ಲಿ ಅವಳ ಅಜ್ಜನಿಗೋ ಆ ನವಾಬರಿಗೋ ಅದು ಸಿಕ್ಕಿರಬಹುದು. ಹೂದಾನಿ ಖೊಟ್ಟಿಯಲ್ಲ, ತನ್ನ ವಯಸ್ಸಿಗೆ ಅದು ಖರೆಯೇ. ಖೊಟ್ಟಿಯಾದದ್ದು ಅಳಿಸಿದ ಕೈ ಮತ್ತು ಆ ಕಾಗದ.

ಪ್ರಯೋಗಾಲಯದ ಪರೀಕ್ಷೆಯೂ ಒಂದಿದೆ. ಸುಟ್ಟ ಮಣ್ಣಿನ ಹರಳುಗಳು ಭಟ್ಟಿಯಿಂದ ಹೊರಬಂದ ದಿನದಿಂದ ಸುತ್ತಲಿನ ಸಣ್ಣ ವಿಕಿರಣವನ್ನು ಕೂಡಿಡುತ್ತ ಹೋಗುತ್ತವೆ. ಮತ್ತೆ ಕಾಯಿಸಿದರೆ ಅದು ಬೆಳಕಾಗಿ ಹೊರಬೀಳುತ್ತದೆ. ಎಷ್ಟು ಬೆಳಕೋ ಅಷ್ಟು ವಯಸ್ಸು. ಅದಕ್ಕೆ ಬುಡದಲ್ಲಿ ತೂತು ಕೊರೆದು ಪುಡಿ ತೆಗೆಯಬೇಕು. ನಮ್ಮ ಹೂದಾನಿಗೆ ಅದು ಬೇಕಾಗಲಿಲ್ಲ.

ಇನ್ನು ಬಳೆ. ಜೇಡ್ ಎಂದರೆ ನಮ್ಮವರಿಗೆ ಗೋಡೆಯ ಮೇಲಿನ ಜೇಡ ನೆನಪಾಗುತ್ತದೆ, ಹಸಿರು ಕಂಡರೆ ಪಚ್ಚೆ ಎನ್ನುತ್ತೇವೆ. ಪಚ್ಚೆ ಬೇರೆ, ಇದು ಬೇರೆ. ಉರ್ದುವಿನಲ್ಲಿ ಇದಕ್ಕೆ ಯಶಬ್ ಎನ್ನುತ್ತಾರೆ. ಜೇಡ್ ಎಂಬ ಒಂದೇ ಹೆಸರಿನೊಳಗೆ ಎರಡು ಕಲ್ಲುಗಳಿವೆ: ನೆಫ್ರೈಟ್ ಮತ್ತು ಜೇಡೈಟ್. ಚೀನಾದವರು ಸಾವಿರಾರು ವರ್ಷ ಕೆತ್ತಿದ್ದು ನೆಫ್ರೈಟ್, ಖೋತಾನ್ ಕಡೆಯ ಹೊಳೆಗಳಿಂದ ಬಂದದ್ದು. ಗಿಳಿಹಸಿರಿನ ಜೇಡೈಟ್ ಬರ್ಮಾದಿಂದ ಅಲ್ಲಿಗೆ ಹೇರಳವಾಗಿ ಹೋದದ್ದು 18ನೆಯ ಶತಮಾನದಲ್ಲಿ. ಮಿಂಗ್ ಕಾಲದ ಜೇಡೈಟ್ ಬಳೆ ಎಂದು ಯಾರಾದರೂ ತಂದರೆ ಆ ಮಾತಿಗೇ ಒಂದು ಹೆಜ್ಜೆ ಹಿಂದೆ ಸರಿಯಬೇಕು.

ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಹೋದವರು ಸಾಮಾನ್ಯವಾಗಿ ಮುಸುಕಿನ ರೆಬೆಕ್ಕಾಳ ಮುಂದೆ ನಿಂತು, ಗಡಿಯಾರದ ಗಂಟೆ ಕೇಳಿ ಹೊರಟುಬಿಡುತ್ತಾರೆ. ಯಶಬಿನ ಕೋಣೆಗೂ ಹೋಗಿ. ಜಹಾಂಗೀರನ ಕಠಾರಿ, ನೂರ್ ಜಹಾನಳ ಹಣ್ಣು ಕೊಯ್ಯುವ ಚಾಕು ಅಲ್ಲಿವೆ. ಮೊಗಲರ ಕಾರಖಾನೆಗಳಲ್ಲಿ ಯಶಬನ್ನು ಎಲೆಯಷ್ಟು ತೆಳ್ಳಗೆ ಕೊರೆದು ಚಿನ್ನದ ಎಳೆ, ಕೆಂಪು ಕೂಡಿಸುತ್ತಿದ್ದರು. ಚೀನಾದ ಚಿಯಾನ್‌ಲಾಂಗ್ ಚಕ್ರವರ್ತಿ ಈ ಹಿಂದೂಸ್ತಾನದ ಕೆಲಸಕ್ಕೆ ಮರುಳಾಗಿ, ಅದರ ಮೇಲೆ ಪದ್ಯ ಬರೆದು ಪಾತ್ರೆಗಳಲ್ಲೇ ಕೆತ್ತಿಸಿದ. ಅವನ ಕುಶಲಿಗರು ನಮ್ಮ ಮಾದರಿಯನ್ನು ನಕಲು ಮಾಡಿದರು. ಚೀನಾದ್ದೆಂದು ನಾವು ಬಾಯಿ ಬಿಡುವ ಕಲ್ಲಿನ ವಿಷಯದಲ್ಲಿ ಚೀನಾದವರು ನಮ್ಮದನ್ನು ನೋಡಿ ಬಾಯಿ ಬಿಟ್ಟಿದ್ದರು ಎಂಬುದು ನನಗೆ ಬಹಳ ಖುಷಿ ಕೊಡುವ ಸಂಗತಿ.

ಚಾಕುವಿನಿಂದ ಗೀರಿ ನೋಡಿ, ಗೀರು ಬೀಳದಿದ್ದರೆ ಜೇಡ್ ಎಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ಮೆತ್ತಗಿನ ಸರ್ಪೆಂಟೈನ್ ಕಲ್ಲು ಅದರಿಂದ ಸಿಕ್ಕಿಬೀಳುತ್ತದೆ, ಆದರೆ ಬೆಣಚುಕಲ್ಲಿನ ಜಾತಿಯ ಕಲ್ಲುಗಳು ಜೇಡಿನಷ್ಟೇ ಗಟ್ಟಿ, ಅವು ಪಾಸಾಗಿಬಿಡುತ್ತವೆ. ಮುಟ್ಟಿದರೆ ತಣ್ಣಗಿರಬೇಕು ಎನ್ನುವುದೂ ಹಾಗೆಯೇ, ಯಾವ ಕಲ್ಲು ತಣ್ಣಗಿರುವುದಿಲ್ಲ? ನಂಬಬಹುದಾದದ್ದು ನೀರಿನ ತೂಕ. ಪರಿಚಯದ ಪತ್ತಾರರ ಅಂಗಡಿಗೆ ಹೋದೆವು. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಬಳೆ 53 ಗ್ರಾಂ ತೂಗಿತು. ಆಮೇಲೆ ಒಂದು ಅಗಲ ಬಾಯಿಯ ಡಬ್ಬಿಯಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು, ಸೊನ್ನೆಗೆ ತಂದು, ಬಳೆಯನ್ನು ದಾರದಲ್ಲಿ ಕಟ್ಟಿ ನೀರಿನಲ್ಲಿ ಪೂರಾ ಮುಳುಗುವಂತೆ, ತಳ-ಗೋಡೆ ತಾಗದಂತೆ ಇಳಿಬಿಟ್ಟೆವು. ತಕ್ಕಡಿ 20 ಎಂದಿತು. ಅಂದರೆ ಬಳೆ ಸರಿಸಿದ ನೀರಿನ ತೂಕ 20 ಗ್ರಾಂ. 53ನ್ನು 20ರಿಂದ ಭಾಗಿಸಿದರೆ 2.65. ನೆಫ್ರೈಟ್ ಆಗಿದ್ದರೆ 2.9ರಿಂದ 3ರ ಸುಮಾರು ಬರಬೇಕು, ಜೇಡೈಟ್ ಆದರೆ 3.3. 2.65 ಎಂದರೆ ಬೆಣಚು. ಬಿಸಿಲಿಗೆ ಹಿಡಿದಾಗ ಒಳಗೆ ಅಭ್ರಕದ ಸಣ್ಣ ಚುಕ್ಕೆಗಳು ಮಿಂಚಿದವು. ಅವೆಂಚುರಿನ್ ಎಂಬ ಕಲ್ಲು, ನಮ್ಮ ದೇಶದ್ದೇ. ಪೇಟೆಯಲ್ಲಿ ಅದನ್ನು ಇಂಡಿಯನ್ ಜೇಡ್ ಎಂದು ಮಾರುತ್ತಾರೆ.

ಪತ್ತಾರರು ಬಳೆ ಒರೆಸಿ ಕೊಡುತ್ತ, "ಚಂದ ಐತಿ ಬಿಡ್ರಿ ತಂಗಿ" ಎಂದರು. ಅವಳು ಮಾತಾಡಲಿಲ್ಲ.

ವಾಪಸು ಬರುವಾಗ ಅವಳು ಕೇಳಿದ ಪ್ರಶ್ನೆ ನನ್ನನ್ನು ಮಸ್ಕಿಗೆ ಕರೆದೊಯ್ಯಿತು. "ಹಂಗಾದ್ರ ನೀವು ನಮ್ಮನ್ನ ಕರಕೊಂಡು ಹೋಗಿ ತೋರಿಸಿದ್ರಲ್ಲ, ಆ ಅಶೋಕನ ಕಲ್ಲು ಖರೇ ಅಂತ ಹೆಂಗ ಗೊತ್ತಾತ್ರಿ?"

ಸಿಂಧನೂರಿಗೂ ಲಿಂಗಸುಗೂರಿಗೂ ನಡುವೆ ಇರುವ ಮಸ್ಕಿಯ ಬಂಡೆಶಾಸನ ಹೊರಗಿನವರಿಗೆ ತಿಳಿದದ್ದು 1915ರಲ್ಲಿ. ಕಂಡವನು ಬೀಡನ್ ಎಂಬ ಇಂಜಿನಿಯರು, ಅವನು ಹುಡುಕುತ್ತಿದ್ದದ್ದು ಚಿನ್ನ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿ ಓದಿದಾಗ ಶಾಸನಗಳಲ್ಲಿ ದೇವಾನಂಪಿಯ, ಪಿಯದಸಿ ಎಂಬ ಬಿರುದುಗಳಷ್ಟೇ ಸಿಕ್ಕಿದ್ದವು. ಆ ದೊರೆ ಅಶೋಕನೇ ಎಂದು ಸಿಂಹಳದ ಪಾಳಿ ಗ್ರಂಥಗಳ ಬಲದಿಂದ ಟರ್ನರ್ ತೋರಿಸಿದ್ದ. ಆದರೆ ಕಲ್ಲಿನ ಮೇಲೆ ಹೆಸರೇ ಬೇಕಲ್ಲ? ಅದು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ: ದೇವಾನಂಪಿಯಸ ಅಸೋಕಸ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು.

ಅದನ್ನು ಯಾರೂ ಸಂಶಯಿಸಲಿಲ್ಲ. ಏಕೆಂದರೆ ಆ ಕಲ್ಲನ್ನು ಯಾರೂ ಹೊತ್ತು ತಂದಿರಲಿಲ್ಲ, ಅದು ಗುಡ್ಡದಲ್ಲೇ ಇತ್ತು. ಅಕ್ಷರದ ವಟ್ಟ ಆ ಕಾಲದ್ದು. ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿ ರೈಸ್ ಸಾಹೇಬರು 1892ರಲ್ಲಿ ಕಂಡ ಶಾಸನಗಳ ಜೊತೆ ಅದರ ಮಾತು ಕೂಡಿಬರುತ್ತಿತ್ತು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೆಗೊಳಗಳಲ್ಲೂ ಅದೇ ಹೆಸರು ಸಿಕ್ಕಿತು. 1954ರಲ್ಲಿ ಬಿ. ಕೆ. ಥಾಪರ್ ಅದೇ ಮಸ್ಕಿಯಲ್ಲಿ ಪದರ ಪದರವಾಗಿ ಅಗೆಸಿದರು. ಮೇಲಿನ ಪದರಕ್ಕಿಂತ ಕೆಳಗಿನದು ಹಳೆಯದು, ಒಂದೇ ಪದರದಲ್ಲಿ ಸಿಕ್ಕ ಮಣಿ, ಮಡಕೆ, ಮೂಳೆಗಳು ಒಂದಕ್ಕೊಂದು ಸಾಕ್ಷಿ. ಹಂಪಿಯ ಪಿಂಗಾಣಿ ಚೂರಿಗೆ ಇರುವ ಬಲವೂ ಇದೇ. ಅಂಗೈ ಅಗಲದ ಒಡಕು ಚೂರು, ಅರಮನೆಯ ಬೂದಿ-ಕಸದ ಪದರದಲ್ಲಿ ಸಿಕ್ಕರೆ, ಅಂಗಡಿಯ ಗಾಜಿನ ಕಪಾಟಿನಲ್ಲಿರುವ ಇಡೀ ಹೂದಾನಿಗಿಂತ ಹೆಚ್ಚು ಮಾತಾಡುತ್ತದೆ. ಅದಕ್ಕೇ ಹೊಲದಲ್ಲಿ ಸಿಕ್ಕದ್ದನ್ನು ಕಿತ್ತು ತರಬೇಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ಮಸ್ಕಿಯಲ್ಲಿ ಮಳೆ ಬಿದ್ದ ಮರುದಿನ ಮಣಿ ಆಯುತ್ತಿದ್ದ ಕತೆಯನ್ನು ಹಿರಿಯರಿಂದ ಕೇಳಿದ್ದೇನೆ. ಆಯ್ದ ಮಣಿ ಚಂದ ಇರಬಹುದು, ಆದರೆ ಅದು ತನ್ನ ಊರು-ಕಾಲ ಎರಡನ್ನೂ ಕಳಕೊಂಡ ಮಣಿ. 1972ರ ಪ್ರಾಚ್ಯವಸ್ತು ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ದೇಶದ ಹೊರಗೆ ಮಾರುವಂತೆಯೂ ಇಲ್ಲ.

ದಾರಿಯುದ್ದಕ್ಕೂ ಇದನ್ನೆಲ್ಲ ಹೇಳಿದೆ. ಅವಳು ಕೇಳುತ್ತ ಬಂದು ಕೊನೆಗೆ, "ಅಂದ್ರ ಯಾರು ತಂದು ಕೊಟ್ಟರು, ಕೊಟ್ಟವರಿಗೆ ಏನು ಸಿಕ್ಕಿತು ಅಂತ ಮೊದಲು ನೋಡಬೇಕು" ಎಂದಳು. ಪಾಲುಪಟ್ಟಿ ಇನ್ನೂ ರಿಜಿಸ್ಟರ್ ಆಗಿರಲಿಲ್ಲ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಅವಳಿಗೆ ಗೊತ್ತಿತ್ತು. ಆದರೆ ಕೋರ್ಟು ಹತ್ತಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆ. ಇದು ಎಂಥ ಹೆದರಿಕೆ ಎಂದು ಓದುವ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅವಳು ಮಾಡಿದ್ದು ಸಣ್ಣ ಕೆಲಸ. ಬುಡದ ಮಾತು, ನೀರಿನ ತೂಕ ಯಾವುದನ್ನೂ ಎತ್ತಲಿಲ್ಲ. ತವರಿಗೆ ಹೋಗಿ ಗಂಟನ್ನು ಪಡಸಾಲೆಯ ನಡುವೆ ಇಟ್ಟು, "ಅಣ್ಣಾ, ಹತ್ತು ಲಕ್ಷದ ಸಾಮಾನು ನಮ್ಮ ಮನಿಯಾಗ ಇಟಗೊಳ್ಳಾಕ ಅಂಜಿಕಿ. ಅಜ್ಜನ ನೆನಪು, ನೀವ ಇಟಗೋರಿ. ಅದರ ಬದಲಿಗೆ ಅಷ್ಟೇ ಬೆಲಿಯ ಹೊಲ ನನಗ ಕೊಡ್ರಿ" ಎಂದಳಂತೆ. ಅಣ್ಣಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಮಾತು ಬಂದದ್ದು ಒಳಗಿನಿಂದ, ದೊಡ್ಡ ವೈನಿಯದು: "ಆ ಚೀನಿ ಗಡಿಗಿ ತೊಗೊಂಡು ನಾವೇನು ಮಾಡೂಣು?"

ಅಣ್ಣಂದಿರು ಆ ಕಾಗದವನ್ನು ನಿಜವಾಗಿ ನಂಬಿದ್ದರೋ, ನಂಬಿದಂತೆ ಇದ್ದರೋ ನನಗೆ ಈಗಲೂ ತಿಳಿಯದು. ಬಹುಶಃ ಅವರಿಗೂ ತಿಳಿಯದು. ವೈನಿಗೆ ಮಾತ್ರ ತಿಳಿದಿತ್ತು. ಆಮೇಲೆ ಮೂರು ತಿಂಗಳು ಹಿರಿಯರ ಓಡಾಟ ನಡೆಯಿತು. ನಾಲೆಯ ಕೊನೆಗಿರುವ, ನೀರು ಒಂದು ವರ್ಷ ಬಂದು ಒಂದು ವರ್ಷ ಬಾರದ ಎರಡು ಎಕರೆ ಅವಳ ಹೆಸರಿಗೆ ಆಯಿತು. ಸಮಪಾಲಲ್ಲ. ದೀಪಾವಳಿಗೆ ಹೋದಾಗ ಚಿಕ್ಕ ಅಣ್ಣ ಮಾತಾಡಿಸಲಿಲ್ಲ, ದೊಡ್ಡವನು ಸೀರೆ ಕೊಟ್ಟ.

ಹೂದಾನಿ ಈಗ ಲಿಂಗಸುಗೂರಿನ ಅವಳ ಮನೆಯಲ್ಲೇ ಇದೆ, ಟೀವಿಯ ಪಕ್ಕ. ಬಳೆಯನ್ನು ಮಗಳು ಕಾಲೇಜಿಗೆ ಹಾಕಿಕೊಂಡು ಹೋಗುತ್ತಾಳೆ. ಗೆಳತಿಯರು ಕೇಳಿದರೆ 2.65 ಎನ್ನುತ್ತಾಳಂತೆ.